ಉಪ್ಪು ತಿಂದ ಸ್ಲ್ಯಾಬು

ಶಹಾಬಜಾರ, ಕಲಬುರಗಿ
10 ಫೆಬ್ರುವರಿ 2025

ಮಗಳು ಪಂಚಶೀಲಾಳಿಗೆ ಜೈಭೀಮ್.

ಇನ್ನು ಮೇಲೆ ನನ್ನ ಜೊತೆ ಫೋನಿನಲ್ಲಿ ಮಾತಾಡಬೇಡ. ನೀನು ಕಮಲಾಪುರದಲ್ಲಿ ಕೂಗುತ್ತೀ, ನಾನು ಇಲ್ಲಿ ಕೂಗುತ್ತೇನೆ, ಕಡೆಗೆ ಇಬ್ಬರೂ ಫೋನು ಬಿಸಾಕಿ ಉಣ್ಣದೆ ಮಲಗುತ್ತೇವೆ. ಹೇಳುವುದಿದ್ದರೆ ಬರೆದು ಹೇಳು. ನಾನೂ ಬರೆಯುತ್ತೇನೆ. ನೀನು ಹುಟ್ಟಿದ ಮೇಲೆ ಸಾಕ್ಷರತಾ ಶಾಲೆಯಲ್ಲಿ ಕಲಿತ ಅಕ್ಷರ, ಸಹಿ ಹಾಕಲಿಕ್ಕೆ ಮತ್ತು ಬಸ್ಸಿನ ಬೋರ್ಡು ಓದಲಿಕ್ಕೆ ಬಿಟ್ಟರೆ ಇಷ್ಟು ವರ್ಷ ಬೇರೆ ಕೆಲಸಕ್ಕೆ ಬಂದಿಲ್ಲ. ಪುಸ್ತಕದ ಕನ್ನಡದಲ್ಲೇ ಬರೆಯುತ್ತೇನೆ. ನೀನು ಕನ್ನಡ ಟೀಚರಾದರೆ ನಿನ್ನ ಶಾಲೆಗೆ ಟೀಚರು. ಕೆಂಪು ಪೆನ್ನಿನಿಂದ ತಿದ್ದಿ ವಾಪಸು ಕಳಿಸಿದರೆ ನೋಡು ಮತ್ತ! ಈ ಕಾಗದ ಮಹಾದೇವನ ಜೀಪಿನಲ್ಲಿ ಬರುತ್ತದೆ. ಅವನು ದಿನಾ ಕಲಬುರಗಿ ಕಮಲಾಪುರ ಅಂತ ಮಂದಿಯನ್ನು ತುಂಬಿಕೊಂಡು ಓಡಾಡುವವನು, ಇದೊಂದು ಅವನಿಗೆ ಭಾರವಲ್ಲ.

ನಡೆದದ್ದು ಇಷ್ಟು. ತ್ರಿವೇಣಿ ಅತ್ತು ಕರೆದು ಹೇಳಿದ್ದನ್ನೆಲ್ಲ ನಂಬಬೇಡ. ಶನಿವಾರ ಬೆಳಗ್ಗೆ ನಮ್ಮ ರೊಟ್ಟಿ ಕೇಂದ್ರದ ನಾವು ಆರೂ ಮಂದಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆವು. ತ್ರಿವೇಣಿ ಹಿಟ್ಟು ತರಲಿಕ್ಕೆ ಎದ್ದಳು. ಅವಳು ಅತ್ತ ಹೋಗುವುದಕ್ಕೂ ಮೇಲಿನ ಸ್ಲ್ಯಾಬಿನಿಂದ ದೊಡ್ಡದೊಂದು ಸಿಮೆಂಟಿನ ಚಕ್ಕೆ ಕಳಚಿ ಅವಳು ಕುಂತಿದ್ದ ಜಾಗಕ್ಕೆ ಬೀಳುವುದಕ್ಕೂ ಸರಿಹೋಯಿತು. ರೊಟ್ಟಿ ಬೇಯಿಸುವ ಹಂಚು ಸೊಟ್ಟಗಾಯಿತು. ಮೇಲೆ ನೋಡಿದರೆ ಕಬ್ಬಿಣದ ಸರಳು ಕಾಣುತ್ತಿದೆ, ಕೆಂಪಗೆ ತುಕ್ಕು ಹಿಡಿದು ಪದರು ಪದರಾಗಿದೆ. ತ್ರಿವೇಣಿ, "ಯವ್ವಾ, ಒಂದ್ ಗಳಿಗಿ ತಡ ಆಗಿದ್ರ ನನ್ನ ತಲೀನ ರೊಟ್ಟಿ ಆಗ್ತಿತ್ತು" ಎಂದು ಕುಂತು ಅತ್ತಳು. ಚಹಾ ಕುಡಿಸಿದೆ, ಸುಮ್ಮನಾದಳು.

ಗೌಂಡಿ ನೀಲಕಂಠ ಬಂದು ನೋಡಿದ. "ಅಕ್ಕಾ, ಇದಕ್ಕೇನು ಫಿಕರ್ ಮಾಡ್ತೀರಿ? ಸಿಮೆಂಟ್ ತರಸ್ರಿ, ಗಿಲಾವ್ ಮಾಡಿ ಸುಣ್ಣಾ ಹೊಡದ್ರ ಹೊಸಾ ಮದಿಮಗಳ ಹಾಂಗ ಕಾಣ್ತದ" ಅಂದ. ಹಾಗೇ ಮಾಡಿಸುವುದು ಅಂತ ನನ್ನ ವಿಚಾರ. ಅಂಬೇಡ್ಕರ್ ಜಯಂತಿಯ ಊಟಕ್ಕೆ ರೊಟ್ಟಿಯ ದೊಡ್ಡ ಆರ್ಡರು ಹಿಡಿದಿದ್ದೇನೆ, ಅಷ್ಟರೊಳಗೆ ಮುಗಿಯಬೇಕು.

ನಿನ್ನ ಅವ್ವ,
ಶೇವಂತಾ ಮಾಪಣ್ಣ
(ಸಹಿ ನನ್ನದೇ)


ಕಮಲಾಪುರ
14 ಫೆಬ್ರುವರಿ 2025

ಅವ್ವನಿಗೆ ಜೈಭೀಮ್.

ನಿನ್ನ ಕನ್ನಡದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ನಿನ್ನ ವಿಚಾರದಲ್ಲಿದೆ.

ತುಕ್ಕು ಹಿಡಿದ ಸರಳಿನ ಮೇಲೆ ಗಿಲಾವು ಮಾಡಿಸಿದರೆ ಅದು ಎಷ್ಟು ದಿನ ನಿಂತೀತು? ನೀಲಕಂಠ ಕಾಕಾ ಸುಣ್ಣ ಹೊಡೆದು ಹೋಗುತ್ತಾರೆ. ಕೆಳಗೆ ಕೂರುವವಳು ನೀನು. ತ್ರಿವೇಣಿ ಅಕ್ಕ ಹಿಟ್ಟು ತರಲು ಎದ್ದಳು, ಸರಿ. ಮುಂದಿನ ಸಲ ಯಾರು ಏಳುತ್ತಾರೆ, ಯಾರು ಕೂತಿರುತ್ತಾರೆ? ಫೋನಿನಲ್ಲಿ ನಾನು ಕೂಗಿದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಆ ದಿನ ಪಾಠ ಮಾಡುವಾಗ ಎರಡು ಸಲ ಮಾತು ಮರೆತು ನಿಂತೆ. ಮಕ್ಕಳು ನಕ್ಕರು.

ನನಗನಿಸುವುದು ಇಷ್ಟೇ. ಆ ಮನೆಗೆ ವಯಸ್ಸಾಗಿದೆ, ಒಡೆದು ಹಾಕೋಣ. ನಿಧಾನಕ್ಕೆ ಹೊಸದು ಕಟ್ಟೋಣ. ಕೇಂದ್ರ ಮುಚ್ಚಿ ನೀನು ಇಲ್ಲಿಗೆ ಬಾ. ಎಷ್ಟು ವರ್ಷ ಹೊಗೆಯಲ್ಲಿ ಕೂರುತ್ತೀ? ನನ್ನ ಬಾಡಿಗೆ ಮನೆ ದೊಡ್ಡದಿದೆ, ಎರಡು ಕೋಣೆ, ಮುಂದೆ ಪಡಸಾಲೆ. ಓನರ್ ಮಲ್ಕಮ್ಮ ಪಕ್ಕದಲ್ಲೇ ಇರುತ್ತಾರೆ, ಒಳ್ಳೆಯವರು. ಸಂಜೆ ಶಾಲೆಯಿಂದ ಬಂದ ಮೇಲೆ ಮಾತಾಡಲಿಕ್ಕೆ ಒಬ್ಬರಿದ್ದರೆ ನನಗೂ ಚೆನ್ನ.

ನಿನ್ನ ಮಗಳು,
ಪಂಚಶೀಲಾ


ಶಹಾಬಜಾರ
24 ಫೆಬ್ರುವರಿ 2025

ಪಂಚಶೀಲಾಳಿಗೆ ಜೈಭೀಮ್.

ಒಡೆದು ಹಾಕು ಅನ್ನಲಿಕ್ಕೆ ನಾಲಿಗೆಗೇನು ಎಲುಬಿದೆಯೇ? ನೀನು ಅಂದುಬಿಟ್ಟೆ.

ನಿನ್ನ ಅಪ್ಪ ಹಾಕಿಸಿದ ಸ್ಲ್ಯಾಬು, ಅದಕ್ಕೇ ಅವ್ವ ಒಡೆಯಲು ಒಲ್ಲೆ ಅನ್ನುತ್ತಾಳೆ ಅಂತ ನೀನು ತಿಳಿದಿದ್ದರೆ ಅದು ತಪ್ಪು. ಈ ಓಣಿಯ ನಮ್ಮ ಮಂದಿಯಲ್ಲಿ ಮೊದಲು ತಗಡು ತೆಗೆದು ಸ್ಲ್ಯಾಬು ಹಾಕಿಸಿದವನು ಮಾಪಣ್ಣ, ಖರೇ. ಬುಟ್ಟಿ ಹೊತ್ತವಳು ನಾನು. ಆದರೆ ಸತ್ತವನು ಸಿಮೆಂಟಿನಲ್ಲಿ ಕುಂತಿರುವುದಿಲ್ಲ. ಅಷ್ಟು ಬುದ್ಧಿ ನನಗಿದೆ. ನಾನು ಒಲ್ಲೆ ಅನ್ನುವುದು ಕೇಂದ್ರ ಮುಚ್ಚುವುದಕ್ಕೆ. ನಿನ್ನ ಅಪ್ಪ ಹೋದ ಮೇಲೆ ನಿನ್ನನ್ನು ಬಿ.ಎಡ್. ತನಕ ಓದಿಸಿದ್ದು ಯಾವ ಒಲೆ? ಒಂದು ತಿಂಗಳು ಮುಚ್ಚಿದರೆ ಗಿರಾಕಿಗಳು ಬೇರೆ ಕೇಂದ್ರಕ್ಕೆ ಹೋಗುತ್ತಾರೆ. ಹೋದ ಗಿರಾಕಿ ತವರಿಗೆ ಬರುವ ಮಗಳಲ್ಲ, ತಿರುಗಿ ಬರುವುದಿಲ್ಲ. ಆಗ ತ್ರಿವೇಣಿ ಎಲ್ಲಿ ಹೋಗಬೇಕು? ಉಳಿದ ನಾಲ್ವರು ಎಲ್ಲಿ ಹೋಗಬೇಕು?

ಹೊಗೆಯಂತೆ ಹೊಗೆ. ಗ್ಯಾಸ್ ಒಲೆ ಬಂದು ಎಷ್ಟು ವರ್ಷವಾಯಿತು, ನೀನು ಅಡುಗೆಮನೆಗೆ ಕಾಲಿಟ್ಟಿದ್ದರೆ ಗೊತ್ತಾಗುತ್ತಿತ್ತು.

ನೀಲಕಂಠನ ಮಾತು ನಂಬಬೇಡ ಅಂತೀಯಾ, ಬಿಟ್ಟೆ. ನಿನ್ನ ಮಾತನ್ನು ನಾನು ಯಾಕೆ ನಂಬಲಿ? ನೀನೇನು ಇಂಜಿನಿಯರಾ? ತಿಳಿದವರು ಯಾರಾದರೂ ಬಂದು ನೋಡಿ ಹೇಳಲಿ.

ನಿನ್ನ ಅವ್ವ,
ಶೇವಂತಾ


ಕಮಲಾಪುರ
2 ಮಾರ್ಚ್ 2025

ಅವ್ವಾ,

ತಿಳಿದವರೇ ಬರುತ್ತಾರೆ. ಮೋಮಿನಪುರದ ಬುಶ್ರಾ ನೆನಪಿದ್ದಾಳಲ್ಲ, ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು, ನಮ್ಮ ಮನೆಗೆ ಬಂದರೆ ಶೇಂಗಾ ಹಿಂಡಿ ಡಬ್ಬಿ ಖಾಲಿ ಮಾಡಿ ಹೋಗುತ್ತಿದ್ದಳು. ಈಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಕ್ರೀಟಿನ ಪಾಠ ಹೇಳುತ್ತಾಳೆ. ಹಳೆಯ ಕಟ್ಟಡಗಳನ್ನು ಪರೀಕ್ಷೆ ಮಾಡುವುದೇ ಅವಳ ಕೆಲಸ. ನನ್ನ ಪರವಾಗಿ ಹೇಳು ಅಂತ ನಾನು ಅವಳಿಗೆ ಹೇಳಿಲ್ಲ, ಹೇಳಿದರೂ ಅವಳು ಕೇಳುವವಳಲ್ಲ.

ಒಂದು ಶರತ್ತು. ಬುಶ್ರಾ ನೋಡಿ ಮನೆ ಒಡೆಯಬೇಕು ಅಂದರೆ ನೀನು ಎದುರು ಮಾತಾಡದೆ ಕಮಲಾಪುರಕ್ಕೆ ಬರಬೇಕು. ರಿಪೇರಿ ಸಾಕು ಅಂದರೆ ನಾನು ಮತ್ತೆ ಆ ಸುದ್ದಿ ಎತ್ತುವುದಿಲ್ಲ. ಒಪ್ಪಿಗೆ ಇದ್ದರೆ ಈ ಕಾಗದದ ಕೆಳಗೆ ಸಹಿ ಹಾಕಿ ಮಹಾದೇವನ ಕೈಲಿ ವಾಪಸು ಕಳಿಸು.

ಅಲ್ಲಿಯವರೆಗೆ ಆ ಅಡುಗೆಮನೆಯಲ್ಲಿ ಕೂರಬೇಡಿ. ಕೈಮುಗಿಯುತ್ತೇನೆ. ಒಲೆಗಳನ್ನು ಪಡಸಾಲೆಯಲ್ಲಿ ಇಟ್ಟುಕೊಳ್ಳಿ.

ಪಂಚಶೀಲಾ


ಶಹಾಬಜಾರ
19 ಮಾರ್ಚ್ 2025

ಪಂಚಶೀಲಾಳಿಗೆ,

ಶರತ್ತಿಗೆ ಸಹಿ ಹಾಕಿ ಕಳಿಸಿದ್ದು ಮುಟ್ಟಿರಬೇಕು. ಒಲೆ ಪಡಸಾಲೆಯಲ್ಲಿ ಇಟ್ಟಿದ್ದೇವೆ. ನಿನ್ನ ಕೈಮುಗಿತಕ್ಕಲ್ಲ, ತ್ರಿವೇಣಿ ಒಳಗೆ ಕಾಲಿಡಲು ಒಲ್ಲೆ ಅಂದಳು ಅದಕ್ಕೆ.

ಬುಶ್ರಾ ಎರಡು ಸಲ ಬಂದಳು. ಎಂಥಾ ಹುಡುಗಿ! ಮೊದಲ ಸಲ ಏಣಿ ಹತ್ತಿ, ಸಣ್ಣ ಸುತ್ತಿಗೆ ತೆಗೆದು, ಮನೆಯ ಸ್ಲ್ಯಾಬನ್ನೆಲ್ಲ ಟಕಟಕ ಬಡಿಯುತ್ತಾ ಹೋದಳು. ಸಂತೆಯಲ್ಲಿ ನಾವು ಗಡಿಗೆ ಬಡಿದು ನೋಡುತ್ತೇವಲ್ಲ, ಹಾಗೆ. "ಮೌಶಿ, ನೀವೂ ಕೇಳ್ರಿ" ಅಂದಳು. ಎರಡು ಕೋಣೆ, ಪಡಸಾಲೆಯಲ್ಲಿ ಟಣ್ ಟಣ್ ಅಂತು, ಅಲ್ಲೊಂದು ಇಲ್ಲೊಂದು ಜಾಗ ಬಿಟ್ಟು. ಅಡುಗೆಮನೆಗೆ ಬಂದರೆ ಬದಬದ. ಒಡಕು ಗಡಿಗೆಯ ಸದ್ದು. ಎಲ್ಲ ಕಡೆ ಸಣ್ಣ ತೂತು ಕೊರೆದು, ಪುಡಿಯನ್ನು ಬೇರೆ ಬೇರೆ ಪುಡಿಕೆ ಕಟ್ಟಿಕೊಂಡು ಕಾಲೇಜಿಗೆ ಒಯ್ದಳು.

ಎರಡನೇ ಸಲ ಬಂದವಳೇ ಕೇಳಿದಳು, "ಮೌಶಿ, ಮಾಳಿಗಿ ಮ್ಯಾಲ ಉಪ್ಪು ಇಡ್ತೀರೇನ್?"

"ಉಪ್ಪ್ಯಾಕ ಇಡ್ಲಿ ಮಗಳ? ಮಾಳಿಗೀನ ಕಿರಾಣಿ ಅಂಗಡಿ ಮಾಡ್ಕೊಂಡೀನೇನ?" ಅಂದೆ.

"ಅಡಿಗಿಮನಿ ಸ್ಲ್ಯಾಬಿನ ಪುಡಿಯಾಗ ಉಪ್ಪಿನಂಶ ಭಾಳ ಅದ. ಉಳಿದ ಕೋಣಿಯೊಳಗ ಇಲ್ಲ. ಎಲ್ಲಿಂದ ಬಂತು?"

ಎಲ್ಲರೂ ಮಾಳಿಗೆ ಹತ್ತಿದೆವು. ಮೆಟ್ಟಿಲು ಮುಗಿಯುವಲ್ಲೇ, ಅಡುಗೆಮನೆಯ ನೆತ್ತಿಯ ಮೇಲೆ, ನಮ್ಮ ಬಾಳಕದ ಮೆಣಸಿನಕಾಯಿ ಟಬ್ಬುಗಳು ಕುಂತಿದ್ದವು. ರೊಟ್ಟಿ ಜೊತೆ ಬಾಳಕ ಕೊಡುವುದು ನಮ್ಮ ಕೇಂದ್ರದ ಹೆಸರು, ನಿನಗೆ ಗೊತ್ತೇ ಇದೆ. ಪ್ರತಿ ಬೇಸಿಗೆ ಉಪ್ಪು ಮಜ್ಜಿಗೆಯಲ್ಲಿ ಮೆಣಸಿನಕಾಯಿ ನೆನೆಹಾಕುವುದು, ಬಿಸಿಲಿಗೆ ಹರಡುವುದು, ಉಳಿದ ಉಪ್ಪು ನೀರನ್ನು ಅಲ್ಲೇ ಚೆಲ್ಲಿ ಕೆಳಗಿಳಿಯುವುದು. ಯಾರು ಕೊಡಪಾನ ಹೊತ್ತು ಇಳಿಸುತ್ತಾರೆ? ನೆಲದ ಮೇಲೆ ಬೆಳ್ಳಗೆ ಕಟ್ಟಿಕೊಂಡಿತ್ತು. ಬುಶ್ರಾ ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡು ನನ್ನ ಮುಖ ನೋಡಿದಳು.

ತ್ರಿವೇಣಿ ಅಂದಳು, "ಉಪ್ಪು ತಿಂದದ್ದು ನೀರು ಕುಡೀಲೇಬೇಕಲ್ರಿ. ನಮ್ಮ ಸ್ಲ್ಯಾಬೂ ಕುಡದದ." ಎಲ್ಲರಿಗೂ ನಗು. ನನಗೂ ಬಂತು, ಏನು ಮಾಡಲಿ!

ಉಪ್ಪು ನೀರು ಇಳಿದು ಸರಳಿಗೆ ತುಕ್ಕು, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕೆಳಗಿನ ಸಿಮೆಂಟನ್ನು ತಳ್ಳುತ್ತದಂತೆ. ಇದರ ಮೇಲೆ ಗಿಲಾವು ಮಾಡಿಸಿದರೆ ಅದೂ ಬೀಳುತ್ತದೆ, ಇನ್ನೂ ಭಾರವಾಗಿ ಬೀಳುತ್ತದೆ ಅಂದಳು. ನೀಲಕಂಠ ಅಲ್ಲೇ ಇದ್ದ, ಟೋಪಿ ತೆಗೆದು ತಲೆ ಕೆರೆದುಕೊಂಡ.

ಈಗ ಫೈಸಲಾ ಕೇಳು. ಎರಡು ಕೋಣೆ, ಪಡಸಾಲೆ ಗಟ್ಟಿ ಇವೆ. ಸಡಿಲಾದ ಕಡೆ ಕೆತ್ತಿ, ತುಕ್ಕು ತಿಕ್ಕಿ, ಔಷಧಿ ಬಳಿದು ರಿಪೇರಿ ಮಾಡಿದರೆ ಸಾಕು. ಅಡುಗೆಮನೆಯ ಸ್ಲ್ಯಾಬು ಮಾತ್ರ ಒಡೆದು ಹೊಸದು ಹಾಕಬೇಕು. ಅದು ತನ್ನ ನಾಲ್ಕು ಗೋಡೆಯ ಮೇಲೆ ಬೇರೆಯಾಗಿ ಕುಂತಿದೆ, ಉಳಿದ ಮನೆಗೆ ಧಕ್ಕೆ ಇಲ್ಲ.

ಅಂದಮೇಲೆ ಶರತ್ತು ನಾನು ಗೆದ್ದೆ. ಮನೆಗೆ ರಿಪೇರಿ ಸಾಕು.

ಗೆದ್ದವಳು,
ಶೇವಂತಾ


ಕಮಲಾಪುರ
22 ಮಾರ್ಚ್ 2025

ಅವ್ವಾ,

ಗೆದ್ದದ್ದು ಹೇಗೆ? ಬುಶ್ರಾ ಒಡೆಯಬೇಕು ಅಂದದ್ದು ಯಾವುದನ್ನು? ಅಡುಗೆಮನೆಯನ್ನು. ಕಡೆಯ ಎರಡು ಅಕ್ಷರ ಓದು. ಮ, ನೆ. ಮನೆ.

ನಾನು ಶರತ್ತಿನಲ್ಲಿ ಪೂರ್ತಿ ಮನೆ ಅಂತ ಬರೆದಿರಲಿಲ್ಲ. ನೀನು ಸಹಿ ಹಾಕಿದ್ದೀ. ನಿನ್ನ ಸಾಮಾನು ಕಟ್ಟು.

ಕನ್ನಡ ಟೀಚರು,
ಪಂಚಶೀಲಾ


ಶಹಾಬಜಾರ
27 ಮಾರ್ಚ್ 2025

ಟೀಚರಮ್ಮನವರಿಗೆ ಜೈಭೀಮ್.

ಸೆರೆಮನೆಯಲ್ಲೂ ಮನೆ ಇದೆ. ಹೋಗಿ ಇರುತ್ತೀಯೇನು? ಕೋಳಿಮನೆಯಲ್ಲೂ ಮನೆ ಇದೆ. ನಿನಗೆ ಅಕ್ಷರ ಕಲಿಸಲಿಕ್ಕೆ ನಾನು ರೊಟ್ಟಿ ಬಡಿದದ್ದು ನನ್ನ ಮೇಲೇ ತಿರುಗಿಸಲಿಕ್ಕಾ?

ನಿನ್ನ ಕಾಗದ ಓದಿ ಮೊದಲು ಮೈ ಉರಿಯಿತು. ಆಮೇಲೆ ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹುಡುಗಿ ಬರಾಬರ್ ಹಿಡದಾಳ, ಬಿಡ್ರಿ ಯಕ್ಕಾ" ಅಂದರು. ಎರಡು ದಿನ ವಿಚಾರ ಮಾಡಿದೆ. ಸಹಿ ಹಾಕಿದ್ದು ಹೌದು. ಶೇವಂತಾ ಸಹಿ ಹಾಕಿ ಹಿಂದೆ ಸರಿದವಳು ಅಂತ ಯಾರೂ ಅನ್ನಬಾರದು.

ಒಪ್ಪಿದೆ. ಏಪ್ರಿಲ್ ಐದಕ್ಕೆ ಬರುತ್ತೇನೆ. ಪಡಸಾಲೆ ಗುಡಿಸಿ ಇಟ್ಟಿರು. ಇಲ್ಲಿ ಕೆಲಸದ ಮೇಲೆ ನಿಲ್ಲಲಿಕ್ಕೆ ಒಬ್ಬರು ಬೇಕು, ನಿನಗೆ ಬೇಸಿಗೆ ರಜೆ ಇದೆಯಲ್ಲ, ನೀನು ನಿಲ್ಲು.

ಸೋತಿಲ್ಲದ,
ಶೇವಂತಾ


ಶಹಾಬಜಾರ
19 ಏಪ್ರಿಲ್ 2025

ಅವ್ವಾ,

ನೀನು ಕಮಲಾಪುರದಲ್ಲಿ, ನಾನು ಶಹಾಬಜಾರದಲ್ಲಿ! ಹೀಗಾದೀತು ಅಂತ ನಾನು ಅಂದುಕೊಂಡಿರಲಿಲ್ಲ.

ಐದನೇ ತಾರೀಖು ಮಹಾದೇವನ ಜೀಪು ನಿಂತಾಗ ಅವ್ವನ ಟ್ರಂಕು ಇಳಿಸೋಣ ಅಂತ ಓಡಿ ಬಂದೆ. ನೀನಿಳಿದೆ. ನಿನ್ನ ಹಿಂದೆ ತ್ರಿವೇಣಿ ಅಕ್ಕ. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಆಮೇಲೆ ಹಂಚು, ಒಲೆ, ಸಿಲಿಂಡರು, ಹಿಟ್ಟಿನ ಚೀಲ. ನಾನು ಬಾಯಿ ತೆರೆಯುವುದರೊಳಗೆ ನೀನು, "ಯಾಕ? ಒಬ್ಬಾಕೇನ ಬಾ ಅಂತ ಬರದಿದ್ದೇನ?" ಅಂದೆ. ನನ್ನ ಶರತ್ತನ್ನು ನಾನೇ ಇನ್ನೊಂದು ಸಲ ಓದಿದೆ. ಬರೆದಿರಲಿಲ್ಲ. ಜಯಂತಿಯ ರೊಟ್ಟಿ ಪೂರ್ತಿ ನನ್ನ ಪಡಸಾಲೆಯಲ್ಲಿ ತಯಾರಾಗಿ ಜೀಪಿನಲ್ಲಿ ಕಲಬುರಗಿಗೆ ಹೊರಟಾಗ ನನಗೆ ಬೆರಗಾಯಿತು. ಅದನ್ನು ಅಲ್ಲಿ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಈಗ ಕೆಲಸದ ಸುದ್ದಿ. ಉಳಿದ ಕೋಣೆಗಳಿಗೆ ಕೆಳಗಿನಿಂದ ಜಾಕು ಕೊಟ್ಟು ನಿಲ್ಲಿಸಿ, ಅಡುಗೆಮನೆಯ ಸ್ಲ್ಯಾಬು ಒಡೆದರು. ಬಿದ್ದ ಸರಳುಗಳನ್ನು ಕೈಗೆ ತೆಗೆದುಕೊಂಡೆ. ಕೆಲವು ಬೆರಳಲ್ಲೇ ಮುರಿದವು, ಹಪ್ಪಳದ ಹಾಗೆ. ಅವ್ವಾ, ಅವುಗಳ ಕೆಳಗೆ ನೀವು ಆರು ಮಂದಿ ಕೂರುತ್ತಿದ್ದಿರಿ. ನಾನು ಅಂಗಳಕ್ಕೆ ಹೋಗಿ ಒಬ್ಬಳೇ ಕೂತು ಸ್ವಲ್ಪ ಹೊತ್ತು ಅತ್ತೆ.

ಆದರೆ ಪಡಸಾಲೆಯಲ್ಲಿ ಸಡಿಲಾದ ಕಡೆ ಕೆತ್ತಿದಾಗ ಒಳಗಿನ ಸರಳು ಗಟ್ಟಿಯಾಗಿತ್ತು. ಮೇಲೆ ಮಾತ್ರ ತೆಳ್ಳಗೆ ತುಕ್ಕು. ತಂತಿಯ ಬ್ರಷ್ಷಿನಿಂದ ತಿಕ್ಕಿದರೆ ಹೊಳೆಯಿತು. ನಾನು ಪೂರ್ತಿ ಒಡೆ ಅಂದಿದ್ದ ಸ್ಲ್ಯಾಬು ಅದು. ಬುಶ್ರಾ ನನ್ನ ಭುಜ ತಟ್ಟಿ, "ಇದನ್ನ ಒಡಸಾಕ ನಿಂತಿದ್ದೆಲ್ಲ ನೀ" ಅಂದಳು. ನಿನ್ನ ಮಾತು ಇಷ್ಟರ ಮಟ್ಟಿಗೆ ಸರಿ, ಒಪ್ಪಿಕೊಂಡೆ.

ಪಂಚಶೀಲಾ


ಕಮಲಾಪುರ
24 ಏಪ್ರಿಲ್ 2025

ಪಂಚಿ,

ಅಳಬೇಡ. ಬೀಳಬೇಕಾದದ್ದು ಬಿತ್ತು, ಯಾರ ತಲೆ ಮೇಲೂ ಬೀಳಲಿಲ್ಲ.

ನಿನಗೆ ಒಂದು ಮಾತು ಕೇಳಬೇಕು. ಮಲ್ಕಮ್ಮ ಒಳ್ಳೆಯವರು ಅಂತ ಬರೆದಿದ್ದೆಯಲ್ಲ. ನಾವು ಬಂದ ಮೊದಲ ವಾರ ಆಕೆ ನಮ್ಮ ಪಡಸಾಲೆಯ ಕಡೆ ಬಂದರೆ ಸೆರಗು ಎಳೆದುಕೊಂಡು ದೂರ ನಿಲ್ಲುತ್ತಿದ್ದಳು. ಚಹಾ ಕೊಟ್ಟರೆ, "ಈಗಷ್ಟss ಕುಡದೀನಿ ಬಿಡ್ರಿ" ಅನ್ನುವಳು. ಬೆಳಗ್ಗೆಯೂ ಈಗಷ್ಟೇ, ಸಂಜೆಯೂ ಈಗಷ್ಟೇ. ನಾನು ಏನು ಸಣ್ಣ ಕೂಸೇ, ತಿಳಿಯದಿರಲಿಕ್ಕೆ? ಎರಡು ವರ್ಷದಿಂದ ಆಕೆ ನಿನ್ನ ಕೈಯ ನೀರು ಮುಟ್ಟಿಲ್ಲ, ಹೌದೋ ಅಲ್ಲವೋ? ನೀನು ಇದನ್ನು ನನಗೆ ಹೇಳಲಿಲ್ಲ. ಸಂಜೆ ಮಾತಾಡಲಿಕ್ಕೆ ಒಬ್ಬರಿದ್ದರೆ ಚೆನ್ನ ಅಂತ ಬರೆದೆ. ಅದರ ಅರ್ಥ ನನಗೆ ಇಲ್ಲಿ ಬಂದು ಕುಂತ ಮೇಲೆ ಆಯಿತು.

ಇರಲಿ. ಈಗ ಮುಂದಿನದು ಓದು. ಜೋಳದ ರೊಟ್ಟಿ ಬೇಯುವ ವಾಸನೆ ಜಾತಿ ಕೇಳಿ ಮೂಗಿಗೆ ಹೋಗುವುದಿಲ್ಲ. ಎದುರಿಗಿನ ಚಹಾದಂಗಡಿಯವನು ಮೊದಲು ಬಂದ. ಆಮೇಲೆ ಬಸ್ ಸ್ಟ್ಯಾಂಡಿನ ಮಂದಿ, ಕೆಂಪು ಬಾಳೆಹಣ್ಣು ಮಾರುವ ಹೆಂಗಸರು, ಇದೇ ಓಣಿಯ ಸೊಸೆಯಂದಿರು. ಮೊನ್ನೆ ಮಧ್ಯಾಹ್ನ ಮಲ್ಕಮ್ಮ ತಾಟು ಹಿಡಿದು ಬಂದು ನಿಂತಳು. "ಶೇವಂತಕ್ಕಾ, ಬಿಸೀವು ನಾಕ್ ರೊಟ್ಟಿ ಕೊಡ್ರಿ. ಬಾಳಕಾನೂ ಹಾಕ್ರಿ" ಅಂದಳು. ನಾನು ಸುಮ್ಮನೆ ಕೊಡಲಿಲ್ಲ. ಎಲ್ಲರಿಗೂ ಎಷ್ಟೋ ಅಷ್ಟೇ ರೊಕ್ಕ ತೆಗೆದುಕೊಂಡು ಕೊಟ್ಟೆ. ಆಕೆ ಅಲ್ಲೇ ನಮ್ಮ ನಡುವೆ ಕುಂತು ಉಂಡಳು, ಖಾರ ಹತ್ತಿ ನಮ್ಮ ಗಡಿಗೆಯ ನೀರನ್ನೇ ಗಟಗಟ ಕುಡಿದಳು. ತ್ರಿವೇಣಿ ನನ್ನನ್ನು ಚಿವುಟಿದಳು. ನಾನು ಮುಖ ತಿರುಗಿಸಿ ರೊಟ್ಟಿ ಬಡಿದೆ.

ಸ್ಲ್ಯಾಬು ಹಾಕುವ ದಿನ ಗಟ್ಟಿಯಾಗಿ ನಿಲ್ಲು. ನೀಲಕಂಠ ಒಳ್ಳೆಯವನು, ಆದರೆ ಅವನಿಗೆ ಎಲ್ಲ ಜಲ್ದಿ ಆಗಬೇಕು.

ಅವ್ವ


ಶಹಾಬಜಾರ
2 ಮೇ 2025

ಅವ್ವಾ,

ಹಾಕಿದೆವು! ನಿನ್ನೆ ಸ್ಲ್ಯಾಬು ಹಾಕಿದೆವು. ಕೈ ಇನ್ನೂ ನೋಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ನೀನೇ ತಿದ್ದಿಕೋ.

ಬೆಳಗ್ಗೆ ಎಲ್ಲ ತಯಾರಿತ್ತು. ಸೆಂಟ್ರಿಂಗ್ ಬಿಗಿದಿದ್ದರು, ಹೊಸ ಸರಳು ಹೆಣೆದಿದ್ದರು, ಉಸುಕು, ಕಡಿ, ಸಿಮೆಂಟು ಬಂದಿದ್ದವು, ಮಿಕ್ಸರು ಗರಗರ ತಿರುಗುತ್ತಿತ್ತು. ನಲ್ಲಿಗೆ ನೀರು ಬಂದಿರಲಿಲ್ಲ, ನೀಲಕಂಠ ಕಾಕಾ ಟ್ಯಾಂಕರು ತರಿಸಿದ್ದರು. ಯಾಕೋ ಏನೋ, ನಾನು ಪೈಪಿಗೆ ಬೊಗಸೆ ಒಡ್ಡಿ ಬಾಯಿಗೆ ಹಾಕಿಕೊಂಡೆ. ಥೂ! ಸವಳು. ಬೋರಿನ ಉಪ್ಪು ನೀರು.

"ನಿಲ್ಲಸ್ರಿ" ಅಂದೆ.

ಕಾಕಾ ನಕ್ಕರು. "ಮೇಡಂ, ನೀರ್ ನೀರss. ಸ್ಲ್ಯಾಬ್ ಏನ್ ಕುಡೀತದೇನ್ರಿ?"

"ಕುಡೀತದ ಕಾಕಾ. ಕುಡದss ಹಳೇದು ಸತ್ತದ."

"ಮಂದಿ ಬಂದ್ ನಿಂತಾರ, ಮಿಕ್ಸರ್ ಬಾಡಿಗಿ ಏರಾಕತ್ತದ, ಬಿಸಲು ನೋಡ್ರಿ. ಇವತ್ತೊಂದಿನ ಹಾಕಿಬಿಡೂನು."

ಮಿಕ್ಸರಿನವನು ಯಂತ್ರ ಬಂದ್ ಮಾಡಿ ಬೀಡಿ ಹಚ್ಚಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬುಶ್ರಾಗೆ ಫೋನು ಮಾಡಿದೆ, ಅವಳು ದಾರಿಯಲ್ಲಿದ್ದಳು. "ಕುಡಿಯೋ ನೀರು ಇದ್ರ ಹಾಕು, ಇಲ್ಲಂದ್ರ ಮಂದೀನ ವಾಪಸ್ ಕಳಸು. ನಾ ಬಂದ್ರೂ ಇದನ್ನss ಹೇಳ್ತೀನಿ" ಅಂದಳು. ಟ್ಯಾಂಕರಿನವನು ಬೈದ, ನಾನೂ ಬೈದೆ. ಶಾಲೆಯಲ್ಲಿ ಮಕ್ಕಳೆದುರು ಎಂದೂ ಆಡದ ಮಾತು ಬಾಯಿಗೆ ಬಂದವು, ನಿನ್ನ ಮಗಳಲ್ಲವೇ. ಅವನು ಟ್ಯಾಂಕರು ತಿರುಗಿಸಿಕೊಂಡು ಹೋದ.

ಆಮೇಲೆ ದಿಕ್ಕು ತೋಚಲಿಲ್ಲ. ಓಣಿಯಲ್ಲಿ ನಿಂತು ಪಕ್ಕದ ಗುರುದೇವಿ ಕಾಕುಗೆ ಹೇಳಿದೆ. ಅವರು ಒಳಗೆ ಹೋಗಿ, ತಾವು ಕುಡಿಯಲಿಕ್ಕೆ ತುಂಬಿಟ್ಟ ನಲ್ಲಿ ನೀರಿನ ಕೊಡ ಎತ್ತಿಕೊಂಡು ಬಂದರು. "ಶೇವಂತಾನ ಒಲಿ ಮ್ಯಾಲಿನ ಸ್ಲ್ಯಾಬ್ ಐತಿ, ಅದಕ್ಕ ಚೊಲೋ ನೀರss ಬೇಕು" ಎಂದು ಕೂಗಿದರು. ಅಷ್ಟೇ ಅವ್ವಾ. ಮನೆ ಮನೆಯಿಂದ ಕೊಡ ಬಂದವು. ಹಿತ್ತಾಳೆ ಕೊಡ, ಪ್ಲಾಸ್ಟಿಕ್ ಕೊಡ, ಬಕೀಟು. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಜನ ಕುಡಿಯುವ ನೀರು ತಂದು ಮಿಕ್ಸರಿಗೆ ಸುರಿದರು. ನಮ್ಮ ಅಡುಗೆಮನೆ ಸಣ್ಣದಾದದ್ದು ಒಳ್ಳೆಯದಾಯಿತು, ನೀರು ಸಾಲಿತು. ನಾನು ಸೆರಗು ಕಟ್ಟಿ ಬುಟ್ಟಿ ಹೊತ್ತೆ. ಬುಶ್ರಾ ಬಂದವಳು ಮೇಲೆ ನಿಂತು ಸರಳು ಹಲಗೆಗೆ ತಾಗದ ಹಾಗೆ ಕೆಳಗಿಟ್ಟ ಸಿಮೆಂಟಿನ ಬಿಲ್ಲೆ ಸರಿಯಾಗಿವೆಯೇ ಅಂತ ಒಂದೊಂದೂ ನೋಡಿದಳು. ಮಧ್ಯಾಹ್ನದೊಳಗೆ ಮುಗಿಯಿತು. ನೀಲಕಂಠ ಕಾಕಾ ಕರಣಿ ತೊಳೆಯುತ್ತಾ, "ಮೇಡಂ, ನನ್ನ ಮನಿ ಸ್ಲ್ಯಾಬ್ ಹಾಕೋ ದಿನಾ ನೀವ ಬಂದ್ ನಿಲ್ರಿ" ಅಂದರು.

ಮಲ್ಕಮ್ಮನ ಮಾತು. ಹೌದು. ಬರೆದರೆ ನೀನು ಅವತ್ತೇ ಜಗಳಕ್ಕೆ ಬರುತ್ತೀ, ಬೇರೆ ಬಾಡಿಗೆ ಮನೆ ಸಿಗುವುದು ಕಷ್ಟ ಅಂತ ಸುಮ್ಮನಿದ್ದೆ. ಗಡಿಗೆಯ ನೀರು ಕುಡಿದಳು ಅನ್ನುವ ಸಾಲನ್ನು ಎಷ್ಟು ಸಲ ಓದಿದೆನೋ.

ಪಂಚಶೀಲಾ


ಶಹಾಬಜಾರ
24 ಮೇ 2025

ಅವ್ವಾ,

ಇವತ್ತು ಸೆಂಟ್ರಿಂಗ್ ಬಿಚ್ಚಿದರು. ಇಷ್ಟು ದಿನ ಬೆಳಗ್ಗೆ ಸಂಜೆ ಮಾಳಿಗೆಯಲ್ಲಿ ನೀರು ನಿಲ್ಲಿಸಿ ನೆನೆಸಿದ್ದೇನೆ. ಜಾಕುಗಳನ್ನು ಒಂದೊಂದಾಗಿ ತೆಗೆಯುವಾಗ ಬುಶ್ರಾ ನನ್ನನ್ನು ಬಾಗಿಲಾಚೆ ನಿಲ್ಲಿಸಿದ್ದಳು. ಕಡೆಯ ಹಲಗೆ ಇಳಿದ ಮೇಲೆ ಸುತ್ತಿಗೆ ನನ್ನ ಕೈಗೆ ಕೊಟ್ಟು, "ಹೂಂ, ಬಡಿ" ಅಂದಳು.

ಬಡಿದೆ. ಈ ಮೂಲೆಯಿಂದ ಆ ಮೂಲೆಗೆ. ಎಲ್ಲ ಕಡೆ ಟಣ್ ಅಂತು. ಬುಶ್ರಾ ನಗುತ್ತಿದ್ದಳು, ನಾನು ಬಡಿಯುವುದು ನಿಲ್ಲಿಸಲಿಲ್ಲ.

ಮಾಳಿಗೆಗೆ ನೀರು ಇಳಿಯದ ಹಾಗೆ ಮೇಲು ಹೊದಿಕೆ ಮಾಡಿಸಿದ್ದೇನೆ. ಬಾಳಕದ ಟಬ್ಬಿಗೆ ಅಂಗಳದಲ್ಲಿ ಜಾಗ ಮಾಡಿದ್ದೇನೆ, ಮೇಲೆ ಒಯ್ದರೆ ನಾನು ಮತ್ತೆ ಶರತ್ತು ಬರೆಯುತ್ತೇನೆ. ಶಾಲೆ ಶುರುವಾಗುತ್ತಿದೆ, ನಾನು ಕಮಲಾಪುರಕ್ಕೆ ಬರಬೇಕು. ನೀನು ನಿನ್ನ ಒಲೆಯ ಹತ್ತಿರ ಹೋಗಬೇಕು. ಜೀಪಿಗೆ ಹೇಳಿದ್ದೇನೆ.

ಪಂಚಶೀಲಾ


ಶಹಾಬಜಾರ, ಕಲಬುರಗಿ
11 ಜೂನ್ 2025

ಪಂಚಶೀಲಾಳಿಗೆ ಜೈಭೀಮ್.

ಮಲ್ಕಮ್ಮ ನಿನ್ನ ಜೊತೆ ಚಹಾ ಕುಡಿಯಲು ಬರುತ್ತಾಳೆ ಅಂತ ಮಹಾದೇವ ಹೇಳಿದ. ಬಂದರೆ ಸಕ್ಕರೆ ಜಾಸ್ತಿ ಹಾಕು, ಆಕೆಗೆ ಸಿಹಿ ಬೇಕು. ಕಮಲಾಪುರದವರಿಗೆ ಮಂಗಳವಾರ, ಶುಕ್ರವಾರ ಜೀಪಿನಲ್ಲಿ ರೊಟ್ಟಿ ಕಳಿಸುತ್ತಿದ್ದೇನೆ. ಬಿಡಲಿಲ್ಲ ಅವರು.

ನಿನ್ನೆ ಮಧ್ಯಾಹ್ನ ಮಳೆ ಬಂತು. ಬಂತು ಅಂದರೆ ಏನು ಹೇಳಲಿ, ಆಕಾಶವೇ ತೂತು ಬಿದ್ದಿತ್ತು. ನಾವು ಆರೂ ಮಂದಿ ಹೊಸ ಸ್ಲ್ಯಾಬಿನ ಕೆಳಗೆ ರೊಟ್ಟಿ ಬಡಿಯುತ್ತಿದ್ದೆವು. ಬಡಿಯುವುದು ತಾನಾಗಿ ನಿಂತಿತು. ಎಲ್ಲರೂ ಕತ್ತು ಎತ್ತಿ ಮೇಲೆ ನೋಡುತ್ತಾ ಕುಂತೆವು. ತ್ರಿವೇಣಿ ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಯಾರೂ ತೆಗೆಯಲಿಲ್ಲ. ಹೊರಗೆ ಓಣಿ ಹಳ್ಳವಾಗಿ ಹರಿಯುತ್ತಿತ್ತು. ಒಳಗೆ ಒಂದು ಹನಿ ಇಲ್ಲ. ಒಂದು ಕಲೆ ಇಲ್ಲ. ತ್ರಿವೇಣಿ ಬುಟ್ಟಿ ತೆಗೆದು ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು, ಹಿಟ್ಟು ಹಾರಿ ಎಲ್ಲರ ಮುಖ ಬೆಳ್ಳಗಾಯಿತು.

ಮಳೆ ನಿಂತ ಮೇಲೆ ಗುರುದೇವಿ ಬಂದಳು. ಅವರ ಮನೆ ಸೋರುತ್ತಿದೆಯಂತೆ, ಸ್ಲ್ಯಾಬಿನಿಂದ ಪುಡಿ ಉದುರುತ್ತದಂತೆ. ಅವಳ ಹಿಂದೆ ಇನ್ನೂ ಮೂರ್ನಾಲ್ಕು ಮಂದಿ. ಮೇಲೆ ನೋಡಿ, "ಎಟ್ ಚಂದ ಆಗ್ಯದ! ಯಾವ ಗೌಂಡಿ ಹಾಕ್ಯಾನ್ರಿ?" ಎಂದು ಒಬ್ಬಳು ಕೇಳಿದಳು.

ಈಗ ನಾನು ಏನಂದೆ ಅನ್ನುವುದನ್ನು ನಿನಗೆ ತಿಳಿಸಬೇಕು. ನಿನ್ನ ಮುಖ ನೋಡಿ ನನಗೆ ಹೇಳಲಿಕ್ಕಾಗುವುದಿಲ್ಲ, ಬಾಯಿ ತೆರೆದರೆ ಬೈಗುಳವೇ ಬರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಎದ್ದು ನಿಂತು, ಓಣಿಯವರೆಲ್ಲ ಕೇಳುವ ಹಾಗೆ ಅಂದೆ: "ಗೌಂಡಿ ನೀಲಕಂಠ. ಖರೇ ಇದನ್ನ ಹಾಕಿಸಿದಾಕಿ ನನ್ನ ಮಗಳು ಪಂಚಶೀಲಾ. ಬುಟ್ಟಿ ಹೊತ್ತಾಕೀನೂ ಆಕೀನss."

ಗುರುದೇವಿ, "ಹಂಗಾದ್ರ ಆಕೀಗೆ ಬರಾಕ್ ಹೇಳ್ರಿ" ಅಂದಳು. ಭಾನುವಾರ ಬುಶ್ರಾಳನ್ನು ಕರೆದುಕೊಂಡು, ಸುತ್ತಿಗೆ ಹಿಡಿದುಕೊಂಡು ಬಾ. ನಾಲ್ಕು ಮನೆಯವರು ನಿನ್ನ ದಾರಿ ಕಾಯುತ್ತಿದ್ದಾರೆ. ಒಡೆಯಬೇಕೋ ರಿಪೇರಿ ಸಾಕೋ, ನನ್ನ ಮಗಳು ಬಂದು ಬಡಿದು ನೋಡಿ ಹೇಳುತ್ತಾಳೆ ಅಂತ ಮಾತು ಕೊಟ್ಟುಬಿಟ್ಟಿದ್ದೇನೆ.

ನಿನ್ನ ಸ್ಲ್ಯಾಬಿನ ಕೆಳಗೆ ಕುಂತು ಬರೆದ,
ಅವ್ವ